ಕೊಬ್ಬರಿ ಸೀಮೆಯ ಓಢ್ನಿ

ತಲೆಗೆ ಹೊದೆಯುವ ಬಟ್ಟೆಯ ಬಗ್ಗೆ ನಾಲ್ಕು ಮಾತಾಡಿ ಅಂದಿದ್ದಾರೆ. ಕಾಲೇಜಿನ ಹುಡುಗಿಯರು ಹಿಜಾಬ್ ಅನ್ನುತ್ತಾರೆ, ನಮ್ಮ ಅಮ್ಮಂದಿರು ಓಢ್ನಿ ಅಂದರು, ಅಂಗಡಿಯವರು ಸ್ಕಾರ್ಫ್ ಅಂತ ಬಿಲ್ಲು ಬರೆಯುತ್ತಾರೆ. 2022ರಲ್ಲಿ ಈ ಬಟ್ಟೆ ಹೈಕೋರ್ಟನ್ನೂ ಸುಪ್ರೀಂ ಕೋರ್ಟನ್ನೂ ಕಂಡು ಬಂತು. ಆ ವರ್ಷ ಇದರ ಬಗ್ಗೆ ಗಂಟಲು ಹರಿಯುವಂತೆ ಮಾತಾಡಿದವರಲ್ಲಿ ಇದನ್ನು ಒಗೆದವರು ಎಷ್ಟು ಮಂದಿ ಇದ್ದರೋ ನನಗೆ ಅನುಮಾನ. ನಾನು ಒಗೆಯುವವರ ಕಡೆಯವಳು. ತಿಪಟೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಹೇಳಿಕೊಡುತ್ತೇನೆ. ಮನೆಯೊಳಗೆ ನಮ್ಮ ಮಾತು ದಖನಿ, ಹೊಸಿಲು ದಾಟಿದರೆ ಕನ್ನಡ. ಕಲಿಯಲು ಬರುವವರು ಹೊಲಿಗೆಗಿಂತ ಹೆಚ್ಚಾಗಿ ಕೇಳುವುದು ಎರಡೇ ಪ್ರಶ್ನೆ: ‘ಯಾವ ಬಟ್ಟೆ ತಗೊಳ್ಳಲಿ ಆಪಾ?’, ‘ಈ ಕಲೆ ಹೋಗುತ್ತಾ ಆಪಾ?’

ಮೊಬೈಲ್ ತೆರೆದರೆ ಎರಡಕ್ಕೂ ಬೇಕಾದಷ್ಟು ಉತ್ತರ ಸಿಗುತ್ತದೆ. ಆದರೆ ಅಲ್ಲಿ ಮಾತಾಡುವವರು ದುಬೈನಲ್ಲೋ ಲಂಡನ್ನಿನಲ್ಲೋ ಕೂತವರು. ಅವರ ತಲೆಯಲ್ಲಿ ಕೊಬ್ಬರಿ ಎಣ್ಣೆ ಇಲ್ಲ, ನಲ್ಲಿಯಲ್ಲಿ ಬೋರ್‌ವೆಲ್ ನೀರಿಲ್ಲ, ಹಿತ್ತಿಲಲ್ಲಿ ನಾರಿನ ಹಗ್ಗ ಇಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ಹೆಂಗಸಿಗೆ ಮೂರೂ ಇವೆ. ಹಾಗಾಗಿ ಇಲ್ಲಿ ತಲೆಬಟ್ಟೆ ಆರಿಸುವ ಲೆಕ್ಕವೇ ಬೇರೆ. ಸೆರಗನ್ನು ತಲೆ ತುಂಬ ಹೊದ್ದೇ ಹಿರಿಯರ ಮುಂದೆ ಬರುವ ನಮ್ಮ ನೆರೆಮನೆಯ ಅಜ್ಜಿಯರೂ ಈ ಮಾತು ಕೇಳಿಸಿಕೊಳ್ಳಬಹುದು. ಎಣ್ಣೆ ಅವರ ಸೆರಗನ್ನೇನೂ ಬಿಟ್ಟಿಲ್ಲ.

ಎಣ್ಣೆಯಿಂದಲೇ ಶುರು ಮಾಡೋಣ. ನಮ್ಮಲ್ಲಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಕೂತ ಕಾಯಿ ಒಳಗೇ ನೀರು ಇಂಗಿಸಿಕೊಂಡು ಉಂಡೆ ಕೊಬ್ಬರಿಯಾಗುತ್ತದೆ. ಚೆನ್ನಾದ ಉಂಡೆ ಮಾರುಕಟ್ಟೆಗೆ, ಒಡೆದದ್ದು, ಚೂರಾದದ್ದು ಗಾಣಕ್ಕೆ. ಎಣ್ಣೆ ಮನೆಯದೇ ಆದಾಗ ತಲೆಗೆ ಹಚ್ಚುವ ಕೈಗೆ ಲೆಕ್ಕ ಇರುವುದಿಲ್ಲ. ಒಣಗೂದಲಲ್ಲಿ ಹೊರಟ ಹುಡುಗಿಗೆ ‘ತಲೆ ಕೆದರ್ಕೊಂಡು ಎಲ್ಲಿಗ್ ಹೊರಟೆ?’ ಅನ್ನುವ ಅಜ್ಜಿ ಎಲ್ಲ ಮನೆಯಲ್ಲೂ ಇದ್ದಾಳೆ, ಯಾವ ಜಾತಿಯ ಮನೆಯಾದರೂ ಸರಿ. ಆ ಎಣ್ಣೆ ಹೋಗಿ ಕೂರುವುದು ಬಟ್ಟೆಯ ಮೇಲೆ.

ನಿಮ್ಮ ಓಢ್ನಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಹಣೆಯ ಮೇಲೆ ಬರುವ ಎರಡು ಬೆರಳಗಲದ ಪಟ್ಟಿ ಮತ್ತು ಹಿಂದೆ ಜಡೆಯ ಗಂಟು ತಾಕುವ ಜಾಗ, ಇವೆರಡು ಮಾತ್ರ ಬೋಂಡ ಕಟ್ಟಿ ಕೊಟ್ಟ ಕಾಗದದ ಹಾಗೆ ಪಾರದರ್ಶಕವಾಗಿರುತ್ತವೆ. ಉಳಿದ ಬಟ್ಟೆ ಹೊಸದರಂತೆಯೇ ಇರುತ್ತದೆ. ಆ ಪಟ್ಟಿಯನ್ನು ಮೂಸಿ ನೋಡಿ. ಒಗೆದು ಒಣಗಿಸಿದ ಮೇಲೂ ಸಣ್ಣಗೆ ಕಮಟು ವಾಸನೆ ಬಂದರೆ ಆ ಬಟ್ಟೆ ಬಹುತೇಕ ಪಾಲಿಯೆಸ್ಟರ್.

ಅದಕ್ಕೆ ಕಾರಣ ಇದೆ. ಪಾಲಿಯೆಸ್ಟರ್ ನೂಲು ತಯಾರಾಗುವುದೇ ಪೆಟ್ರೋಲಿಯಂನಿಂದ. ನೀರನ್ನು ಹತ್ತಿರ ಸೇರಿಸುವುದಿಲ್ಲ, ಎಣ್ಣೆಯನ್ನು ಮಾತ್ರ ನೆಂಟನಂತೆ ಉಳಿಸಿಕೊಳ್ಳುತ್ತದೆ. ನೂಲು ಪರೀಕ್ಷಿಸುವವರು ಒಂದು ಅಳತೆ ಇಟ್ಟುಕೊಂಡಿದ್ದಾರೆ. ಪೂರ್ತಿ ಒಣಗಿಸಿದ 100 ಗ್ರಾಂ ನೂಲನ್ನು ಸಾಮಾನ್ಯ ಹವೆಯಲ್ಲಿ ಬಿಟ್ಟರೆ ಅದು ಎಷ್ಟು ತೇವ ಎಳೆದುಕೊಳ್ಳುತ್ತದೆ ಅಂತ ನೋಡುತ್ತಾರೆ. ಹತ್ತಿ ಸುಮಾರು 8 ಗ್ರಾಂ, ರೇಷ್ಮೆ 11 ಗ್ರಾಂ, ವಿಸ್ಕೋಸ್ ಅನ್ನುವ ರೇಯಾನ್ 13 ಗ್ರಾಂ ಎಳೆದುಕೊಳ್ಳುತ್ತವೆ. ಪಾಲಿಯೆಸ್ಟರ್ ಅರ್ಧ ಗ್ರಾಂ ಕೂಡ ಮುಟ್ಟುವುದಿಲ್ಲ. ಚೈತ್ರ ವೈಶಾಖದ ಬಿಸಿಲಲ್ಲಿ ತಲೆಯ ಬೆವರು ಎಲ್ಲಿಗೆ ಹೋಗಬೇಕು ಅನ್ನುವ ಪ್ರಶ್ನೆಗೆ ಈ ನಾಲ್ಕು ಅಂಕಿಗಳೇ ಉತ್ತರ.

ಈಗ ಒಗೆಯುವ ಮಾತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಿಗ್ಗೆ ಸೀಸೆಯನ್ನು ತಲೆಕೆಳಗು ಮಾಡಿದರೂ ಒಂದು ತೊಟ್ಟು ಬೀಳುವುದಿಲ್ಲ, ಒಲೆಯ ಬದಿಯಲ್ಲಿಟ್ಟು ಕರಗಿಸಿಕೊಳ್ಳುತ್ತೀರಿ. ಬಟ್ಟೆಯಲ್ಲಿ ಕೂತಿರುವುದೂ ಅದೇ ಎಣ್ಣೆ. ತೊಟ್ಟಿಯ ತಣ್ಣೀರಲ್ಲಿ ಅದ್ದಿ ರಟ್ಟೆ ನೋಯುವಷ್ಟು ಉಜ್ಜಿದರೂ ಅದು ನೂಲಿನೊಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಸ್ನಾನದ ಹಂಡೆಯಲ್ಲಿ ಉಳಿದ ನೀರು, ಕೈ ತಡೆಯುವಷ್ಟು ಬಿಸಿ ಇದ್ದರೆ ಸಾಕು. ಅದಕ್ಕೂ ಮುಂಚೆ ಎಣ್ಣೆಪಟ್ಟಿಯ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ದಪ್ಪಗೆ ಉದುರಿಸಿ ಅರ್ಧ ಗಂಟೆ ಬಿಡಿ, ಕೊಡವಿ, ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ ಬೆರಳ ತುದಿಯಲ್ಲಿ ಮೆತ್ತಗೆ ತಿಕ್ಕಿ. ಬ್ರಷ್ ಬೇಡ. ಎಣ್ಣೆ ಪೂರ್ತಿ ಹೋಗದ ಬಟ್ಟೆಗೆ ಇಸ್ತ್ರಿ ಮಾಡಲೇಬೇಡಿ, ಬಿಸಿಗೆ ಕಲೆ ಹಳದಿಯಾಗಿ ಅಲ್ಲೇ ನಿಲ್ಲುತ್ತದೆ.

ಇಷ್ಟೆಲ್ಲ ರಗಳೆ ತಪ್ಪಿಸಲು ಸುಲಭದ ದಾರಿ ಒಳಟೋಪಿ. ಹೊಸೈರಿ ಬಟ್ಟೆಯದ್ದೋ ತೆಳು ಹತ್ತಿಯದ್ದೋ ಸಣ್ಣ ಟೋಪಿ, ಬೆಲೆಯೂ ಕಡಿಮೆ. ಮನೆಯಲ್ಲೇ ಹಳೆ ಬನಿಯನ್‌ನಿಂದ ಹೊಲಿದುಕೊಳ್ಳಬಹುದು. ಎಣ್ಣೆಯನ್ನೂ ಬೆವರನ್ನೂ ಅದು ಕುಡಿಯಲಿ, ಅದನ್ನು ದಿನಾ ಒಗೆಯಿರಿ. ಮೇಲಿನ ಬಟ್ಟೆಗೆ ವಾರಕ್ಕೆರಡು ಸಲ ನೀರು ಕಾಣಿಸಿದರೂ ನಡೆಯುತ್ತದೆ. ಟೋಪಿಯ ಎಲಾಸ್ಟಿಕ್ ಮಾತ್ರ ಹಣೆಯ ಮೇಲೆ ಗೆರೆ ಬೀಳಿಸುವಷ್ಟು ಬಿಗಿ ಇರಬಾರದು. ಒದ್ದೆ ಕೂದಲ ಮೇಲೆ ಟೋಪಿ ಹಾಕಿ, ಅದರ ಮೇಲೆ ಓಢ್ನಿ ಬಿಗಿದು, ಕಾಲೇಜಿನ ಬಸ್ಸು ಹಿಡಿಯುವ ಹುಡುಗಿಯರಿಗೆ ತಲೆಹೊಟ್ಟು ಯಾಕೆ ಬರುತ್ತದೆ ಅಂತ ಬೇರೆ ಹೇಳಬೇಕಾಗಿಲ್ಲ.

ಅಂಗಡಿಗೆ ಹೋಗೋಣ. ಅಲ್ಲಿ ನಡೆಯುವ ಮಾತು ಹೀಗಿರುತ್ತದೆ.

‘ಅಕ್ಕಾ, ತಗೊಳ್ಳಿ, ಪ್ಯೂರ್ ಸಿಲ್ಕು.’

‘ಯಾವ ನೂಲು ಅಣ್ಣಾ ಇದು?’

‘ಸ್ಯಾಟಿನ್ನು ಅಕ್ಕಾ.’

‘ಸ್ಯಾಟಿನ್ನು ನೇಯ್ಗೆ ಅಲ್ವಾ? ನಾನು ಕೇಳಿದ್ದು ನೂಲು.’

ಇಲ್ಲಿಗೆ ಅಂಗಡಿಯವರು ನಗುತ್ತಾರೆ, ಇಲ್ಲವೇ ಬೇರೆ ಗಿರಾಕಿ ಕಡೆ ತಿರುಗುತ್ತಾರೆ. ನೀವು ಮಾತ್ರ ಪ್ರಶ್ನೆ ಬಿಡಬೇಡಿ. ಸ್ಯಾಟಿನ್, ಜಾರ್ಜೆಟ್, ಶಿಫಾನ್, ಕ್ರೇಪ್, ಇವೆಲ್ಲ ಬಟ್ಟೆಯನ್ನು ಹೇಗೆ ಮಾಡಿದ್ದಾರೆ ಅನ್ನುವುದರ ಹೆಸರು, ಯಾವುದರಿಂದ ಮಾಡಿದ್ದಾರೆ ಅನ್ನುವುದರದ್ದಲ್ಲ. ಜಾರ್ಜೆಟ್ ರೇಷ್ಮೆಯದೂ ಇರಬಹುದು, ಪಾಲಿಯೆಸ್ಟರಿನದೂ ಇರಬಹುದು. ನಮ್ಮ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆ 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದದ್ದು. ಅಲ್ಲಿ ಇವತ್ತಿಗೂ ಕ್ರೇಪ್, ಜಾರ್ಜೆಟ್ ಎರಡನ್ನೂ ಅಪ್ಪಟ ರೇಷ್ಮೆಯಲ್ಲೇ ನೇಯುತ್ತಾರೆ. ಸಂತೆಯಲ್ಲಿ ಗುಡ್ಡೆ ಹಾಕಿ ಮಾರುವ ಜಾರ್ಜೆಟ್ಟಿಗೂ ಅದಕ್ಕೂ ಹೆಸರೊಂದೇ, ಮೈಗೆ ತಾಕಿದಾಗ ಅಜಗಜಾಂತರ. ರೇಷ್ಮೆ ಅಂತ ದುಡ್ಡು ಕೊಡುವುದಾದರೆ ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡಿ. ಬೆಂಗಳೂರಿನಲ್ಲೇ ಇರುವ ಕೇಂದ್ರ ರೇಷ್ಮೆ ಮಂಡಳಿಯವರು 2004ರಲ್ಲಿ ತಂದ ಗುರುತು ಅದು.

ಚೀಟಿ ಇಲ್ಲದ ಬಟ್ಟೆಗೆ ಬೆಂಕಿಕಡ್ಡಿ ಪರೀಕ್ಷೆ. ಅಂಚಿನಿಂದ ಎರಡೆಳೆ ನೂಲು ಬಿಡಿಸಿ, ಚಿಮಟದಲ್ಲಿ ಹಿಡಿದು, ಬಚ್ಚಲಲ್ಲಿ ನಿಂತು ಹಚ್ಚಿ. ಕಾಗದ ಸುಟ್ಟ ವಾಸನೆ ಬಂದು ಬೂದಿ ಉದುರಿದರೆ ಹತ್ತಿ ಅಥವಾ ವಿಸ್ಕೋಸ್. ಕೂದಲು ಸುಟ್ಟ ವಾಸನೆ ಬಂದು, ಉಳಿದ ಕರಿ ಉಂಡೆ ಬೆರಳಲ್ಲಿ ಹಿಸುಕಿದರೆ ಪುಡಿಯಾದರೆ ರೇಷ್ಮೆ. ನೂಲು ಮುದುಡಿ, ಕರಗಿ, ಆರಿದ ಮೇಲೆ ಉಗುರಿಗೂ ಜಗ್ಗದ ಮಣಿಯಾದರೆ ಪಾಲಿಯೆಸ್ಟರ್. ಅಂಗಡಿಯಲ್ಲಿ ಇದನ್ನು ಮಾಡಲು ಬಿಡುವುದಿಲ್ಲ, ಬಿಡಬಾರದು ಕೂಡ. ಒಂದನ್ನು ತಂದು ಪರೀಕ್ಷೆ ಮಾಡಿ, ಸರಿ ಕಂಡರೆ ಇನ್ನೆರಡು ತನ್ನಿ.

ನನ್ನನ್ನು ಕೇಳಿದರೆ ನಮ್ಮ ಸೀಮೆಗೆ ದಿನಬಳಕೆಗೆ ಹತ್ತಿಯೇ ಮೊದಲು, ಎರಡನೆಯ ಮಾತಿಲ್ಲ. ಚಿಕ್ಕನಾಯಕನಹಳ್ಳಿಯನ್ನು ಹಳೆಯ ಗೆಜೆಟಿಯರುಗಳು ತೆಂಗು ಅಡಿಕೆಯ ಜೊತೆಗೆ ಬಿಳಿ, ಬಣ್ಣದ ಹತ್ತಿ ಬಟ್ಟೆ ನೇಯುವ ಊರು ಅಂತಲೂ ಬರೆದಿವೆ. ಈಗ ಅಲ್ಲಿನ ಹುಡುಗಿಯರೂ ಸೂರತ್ತಿನ ಪಾಲಿಯೆಸ್ಟರನ್ನೇ ಹೊದೆಯುತ್ತಾರೆ, ಅದು ಬೇರೆ ಕತೆ. ನಮಗಿಂತ ಹೆಚ್ಚು ಬೆವರುವ ಮಲೇಷ್ಯಾದಲ್ಲಿ ಹೆಂಗಸರು ತೆಳು ಹತ್ತಿ ವಾಯಿಲ್‌ನ ಚೌಕವನ್ನು ಮೂಲೆಯಿಂದ ಮೂಲೆಗೆ ಮಡಿಸಿ ಕಟ್ಟುವ ರೂಢಿ ಇದೆ. ನಮಗಿಂತ ಚಳಿ ಹೆಚ್ಚಿರುವ ತುರ್ಕಿಯಲ್ಲಿ, ಬುರ್ಸಾದಂಥ ರೇಷ್ಮೆಯೂರಿನ ಕಡೆ, ರೇಷ್ಮೆಯ ಚೌಕಕ್ಕೆ ಮರ್ಯಾದೆ. ಅವರವರ ಹವೆ ನೋಡಿ ಅವರವರು ಆರಿಸಿಕೊಂಡಿದ್ದಾರೆ. ಉಮ್ರಾಕ್ಕೆ ಹೋದವರು ತಂದುಕೊಟ್ಟ ಹೊಳೆಯುವ ಕರಿ ಬಟ್ಟೆಯನ್ನು ಮಕ್ಕಾದ ಏರ್‌ಕಂಡೀಷನ್ನಿನಲ್ಲಿ ಹೊದ್ದಾಗ ಆದ ಸುಖವನ್ನು ತುರುವೇಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಹುಡುಕಬಾರದು.

ಹತ್ತಿಯಲ್ಲೂ ಮಲ್‌ಮಲ್ ಮೆತ್ತಗೆ, ವಾಯಿಲ್ ಸ್ವಲ್ಪ ಗರಿಗರಿ. ರೆಡಿಮೇಡ್ ಸ್ಕಾರ್ಫ್ ಹುಡುಕುವುದಕ್ಕಿಂತ ಥಾನಿನಿಂದ ಮೀಟರ್ ಲೆಕ್ಕದಲ್ಲಿ ಕತ್ತರಿಸಿಕೊಳ್ಳುವುದು ಜಾಣತನ. ಸರ್ಕಾರದ ಕೈಮಗ್ಗದ ಪ್ರಿಯದರ್ಶಿನಿ ಮಳಿಗೆಗಳಲ್ಲಿ, ಖಾದಿ ಭಂಡಾರಗಳಲ್ಲಿ ಒಳ್ಳೆ ಹತ್ತಿ ಸಿಗುತ್ತದೆ. ನಲವತ್ತನಾಲ್ಕು ಇಂಚು ಪನ್ನದ, ಅಂದರೆ ಅಗಲದ, ಬಟ್ಟೆ ಒಂದೂಕಾಲು ಮೀಟರ್ ತಂದರೆ ಒಂದು ಚೌಕ. ಉದ್ದನೆಯದು ಬೇಕಾದವರಿಗೆ ಎರಡು ಮೀಟರ್ ಸಾಕು, ಪನ್ನವನ್ನು ಅಗಲಕ್ಕೆ ತಕ್ಕಂತೆ ಸೀಳಿಕೊಳ್ಳಿ, ಉಳಿದ ಪಟ್ಟಿಯಲ್ಲಿ ಮಗಳಿಗೊಂದು ಆಗುತ್ತದೆ. ತಂದ ಬಟ್ಟೆಯನ್ನು ಮೊದಲು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿ, ಆಮೇಲೆ ಅಂಚು ಮಡಿಸಿ ಹೊಲಿಯಿರಿ. ಹತ್ತಿ ಮೊದಲ ನೀರಿಗೇ ಕುಗ್ಗುತ್ತದೆ. ಹೊಲಿದ ಮೇಲೆ ಕುಗ್ಗಿದರೆ ಅಂಚು ಸುರುಳಿ ಸುತ್ತಿಕೊಂಡು ಕೂರುತ್ತದೆ. ಗಂಜಿ ಹಾಕುವುದಾದರೆ ಅನ್ನ ಬಸಿದ ತಿಳಿಗಂಜಿ, ಅದಕ್ಕೂ ನಾಲ್ಕು ಪಾಲು ನೀರು. ಸೀರೆಗೆ ಹಾಕುವಷ್ಟು ಹಾಕಿದರೆ ಕಿವಿಯ ಹಿಂದೆ ಕೆರೆಯುತ್ತದೆ. ನಮಾಜಿಗೆ ಒಂದು ದೊಡ್ಡ ಹತ್ತಿ ದುಪಟ್ಟಾ ಬೇರೆಯೇ ಇಟ್ಟುಕೊಳ್ಳುವ ಪದ್ಧತಿ ಒಳ್ಳೆಯದು. ನಮಾಜಿಗೆ ಮುಂಚೆ ತೊಳೆದುಕೊಳ್ಳುವ ವಜು ಮಾಡಿ ಒದ್ದೆ ಕೈ ತಲೆಗೆ ಸವರಿದ ಮೇಲೆ ಹೊದೆಯುವ ಬಟ್ಟೆ ಅದು, ತೇವ ಕುಡಿಯುವ ನೂಲೇ ಆಗಬೇಕು.

ಹತ್ತಿಯ ಕೊರತೆಯನ್ನೂ ಹೇಳಬೇಕು. ಸುಕ್ಕಾಗುತ್ತದೆ, ಕರಿ ಬಣ್ಣ ಬೇಗ ಬೂದಿಗೆ ತಿರುಗುತ್ತದೆ, ಮದುವೆ ಮನೆಗೆ ಹಾಕಿ ಹೊರಟರೆ ‘ಇದೇನು, ಅಡಿಗೆಮನೆಯಿಂದ ಹಂಗೇ ಬಂದ್ಯಾ?’ ಅನ್ನುವ ಖಾಲಾ ಒಬ್ಬರು ಇದ್ದೇ ಇರುತ್ತಾರೆ. ಅಂಥ ದಿನಕ್ಕೆ ಜಾರ್ಜೆಟ್ ಇಟ್ಟುಕೊಳ್ಳಿ. ಜಾರ್ಜೆಟ್ಟಿನ ನೂಲಿಗೆ ಹುರಿ ಜಾಸ್ತಿ. ಒಂದೆಳೆ ಬಲಕ್ಕೆ, ಒಂದೆಳೆ ಎಡಕ್ಕೆ ಹುರಿಗೊಳಿಸಿ ನೇಯ್ದಿರುತ್ತಾರೆ. ನಾರಿನ ಹಗ್ಗ ಹೊಸೆದು ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ಹುರಿಯಿಂದಲೇ ಬಟ್ಟೆಯ ಮೈ ಸಣ್ಣಗೆ ತರಿತರಿಯಾಗಿ, ತಲೆಯ ಮೇಲೆ ಜಾರದೆ ನಿಲ್ಲುತ್ತದೆ. ಶಿಫಾನ್ ಇನ್ನೂ ತೆಳು, ಚೆಂದ, ಆದರೆ ಒಳಗೆ ಇನ್ನೊಂದು ಪದರ ಬೇಕು, ಪಿನ್ನಿನ ತೂತು ಬೇಗ ಹರಿಯುತ್ತದೆ. ಸ್ಯಾಟಿನ್ ನನಗೆ ಅಷ್ಟಕ್ಕಷ್ಟೆ. ನೂಲು ಮೇಲೆ ಮೇಲೆ ಉದ್ದುದ್ದ ತೇಲುವ ನೇಯ್ಗೆ ಅದು, ಅದಕ್ಕೇ ಹೊಳೆಯುತ್ತದೆ, ಅದಕ್ಕೇ ಜಾರುತ್ತದೆ, ಅದಕ್ಕೇ ಬಳೆಯ ಚೂಪಿಗೂ ಎಳೆ ಕಿತ್ತುಕೊಳ್ಳುತ್ತದೆ.

ಮೃದು, ತಂಪು, ಬೆಲೆಯೂ ಹಗುರ ಅಂತ ಈಗ ವಿಸ್ಕೋಸ್ ಬಹಳ ಓಡುತ್ತಿದೆ. ಅದರ ಗುಟ್ಟು ಒಂದು ತಿಳಿದಿರಲಿ. ಮೂಲ ಮರದ ತಿರುಳೇ ಆದರೂ, ಒದ್ದೆಯಾದಾಗ ಅದರ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಹತ್ತಿ ಹಾಗಲ್ಲ, ಒದ್ದೆಯಾದರೆ ಇನ್ನೂ ಗಟ್ಟಿ. ಅದಕ್ಕೇ ಹತ್ತಿಯನ್ನು ಒಗೆಯುವ ಕಲ್ಲಿಗೆ ಬಡಿದರೂ ಬದುಕುತ್ತದೆ, ವಿಸ್ಕೋಸನ್ನು ಎರಡು ಕೈಯಲ್ಲಿ ತಿರುಚಿ ಹಿಂಡಿದರೆ ಮಧ್ಯಕ್ಕೆ ಸಡಿಲವಾಗಿ ಜಾಳಾಗುತ್ತದೆ. ಟವೆಲ್ಲಿನ ಮೇಲೆ ಹರಡಿ, ಚಾಪೆ ಸುತ್ತಿದಂತೆ ಸುತ್ತಿ ಒತ್ತಿ, ಬಿಚ್ಚಿ ಒಣಹಾಕಿ. ಜರ್ಸಿಯದು ನೇಯ್ಗೆಯಲ್ಲ, ಹೆಣಿಗೆ. ಪಿನ್ನೇ ಬೇಡ, ಸುತ್ತಿ ಬಿಟ್ಟರೆ ನಿಲ್ಲುತ್ತದೆ, ಮಕ್ಕಳಿಗೆ ಒಳ್ಳೆಯದು. ಗೂಟಕ್ಕೆ ನೇತುಹಾಕಿದರೆ ತನ್ನ ಭಾರಕ್ಕೇ ಇಳಿದು ಉದ್ದವಾಗುತ್ತದೆ, ಮಡಿಸಿಯೇ ಇಡಬೇಕು.

ಕೆಲಸ ನೋಡಿಯೂ ಬಟ್ಟೆ ಆರಿಸಬೇಕು. ತಿಪಟೂರಿನ ಸುತ್ತ ಕಾಯಿಪುಡಿ ಕಾರ್ಖಾನೆಗಳಲ್ಲಿ ಚಿಪ್ಪು ಬಿಡಿಸುವ, ಕಂದು ಸಿಪ್ಪೆ ಹೆರೆಯುವ ಕೆಲಸದಲ್ಲಿ ಹೆಂಗಸರಿದ್ದಾರೆ, ನಾರಿನ ಕಾರ್ಖಾನೆಗಳಲ್ಲೂ ಇದ್ದಾರೆ. ತಿರುಗುವ ಯಂತ್ರದ ಹತ್ತಿರ ಉದ್ದನೆಯ ಸ್ಕಾರ್ಫಿನ ತುದಿ ಜೋತಾಡಬಾರದು. ಇದು ಅಂದಚೆಂದದ ಮಾತಲ್ಲ, ಕುತ್ತಿಗೆಯ ಮಾತು. ಸಣ್ಣ ಚೌಕವನ್ನು ಕುತ್ತಿಗೆಯ ಹಿಂದಕ್ಕೆ ಗಂಟು ಹಾಕಿ, ತುದಿಯನ್ನು ರವಿಕೆಯ ಅಥವಾ ಕಮೀಜಿನ ಒಳಗೆ ಸೇರಿಸಿ. ಇಲ್ಲವೇ ಒಂದೇ ತುಂಡಲ್ಲಿ ಹೊಲಿದ, ತಲೆಯ ಮೇಲಿಂದ ಇಳಿಬಿಡುವ ಜರ್ಸಿ ಹಾಕಿ. ಬೈಕಿನ ಹಿಂದೆ ಕೂರುವವರಿಗೂ ಇದೇ ಮಾತು, ಚಕ್ರಕ್ಕೆ ಸಿಕ್ಕ ದುಪಟ್ಟಾ ಯಾರಿಗೂ ಕೂಗಲು ಸಮಯ ಕೊಡುವುದಿಲ್ಲ. ಗರಿ, ಮಟ್ಟೆ, ಚಿಪ್ಪು ಉರಿಸುವ ಸೌದೆ ಒಲೆ ಇನ್ನೂ ನಮ್ಮ ಹಿತ್ತಿಲುಗಳಲ್ಲಿದೆ. ಒಲೆಯ ಮುಂದೆ ಹತ್ತಿ ಬಿಟ್ಟರೆ ಬೇರೆ ಬಟ್ಟೆ ತಲೆಯ ಮೇಲೆ ಇರಬಾರದು. ಹತ್ತಿಗೂ ಬೆಂಕಿ ಹತ್ತುತ್ತದೆ, ನಿಜ, ಆದರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ.

ಇನ್ನು ನೀರು. ಹೇಮಾವತಿ ನಾಲೆಯ ನೀರು ಕೆರೆಗೆ ಬಂದ ಊರಿನವರು ಪುಣ್ಯವಂತರು. ಉಳಿದವರು ಬಳಸುವುದು ನೂರಾರು ಅಡಿ ಆಳದ ಬೋರ್ ನೀರು, ಬಹಳ ಕಡೆ ಗಡಸು. ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದಲ್ಲ, ಅದನ್ನೇ ಮಾಡುವ ಸುಣ್ಣದ ಲವಣ ಸೋಪಿನ ಜೊತೆ ಸೇರಿ ಬೂದುಬಣ್ಣದ ಕೆನೆಯಾಗಿ ಬಟ್ಟೆಗೆ ಅಂಟುತ್ತದೆ. ಕರಿ ಓಢ್ನಿ ಮಬ್ಬಾಗಿ ಕಂಡರೆ ಎಲ್ಲ ಸಲ ಬಣ್ಣ ಹೋಗಿದೆ ಅಂತಲ್ಲ, ಈ ಕೆನೆಯೂ ಇರಬಹುದು. ಜಾಲಿಸುವ ಕೊನೆಯ ಬಕೆಟ್ಟಿಗೆ ಎರಡು ಚಮಚ ಬಿಳಿ ವಿನಿಗರ್ ಹಾಕಿ ನೋಡಿ, ಕರಿ ಮತ್ತೆ ಕರಿಯಾಗಬಹುದು. ಗಡಸು ನೀರಿಗೆ ಬಾರ್ ಸೋಪಿಗಿಂತ ಡಿಟರ್ಜೆಂಟ್ ಮೇಲು. ಸೋಪೇ ಬೇಕು ಅನ್ನುವವರಿಗೆ ಕೊಬ್ಬರಿ ಎಣ್ಣೆಯಿಂದ ಮಾಡಿದ ಸೋಪು ಉಳಿದವಕ್ಕಿಂತ ಚೆನ್ನಾಗಿ ನೊರೆ ಕೊಡುತ್ತದೆ. ಹಡಗಿನವರು ಸಮುದ್ರದ ಉಪ್ಪುನೀರಿನಲ್ಲಿ ಬಳಸುತ್ತಿದ್ದದ್ದೂ ಕೊಬ್ಬರಿ ಎಣ್ಣೆಯ ಸೋಪನ್ನೇ. ಕಲೆ ಮಾಡುವುದೂ ಕೊಬ್ಬರಿ, ತೆಗೆಯುವುದೂ ಕೊಬ್ಬರಿ. ನಮ್ಮವರು ಬಟ್ಟೆ ಪಾಕ್, ಅಂದರೆ ಶುದ್ಧ, ಆಗಲಿ ಅಂತ ಮೂರು ನೀರಲ್ಲಿ ಜಾಲಿಸುತ್ತಾರೆ. ಸೋಪಿನ ಅಂಶ ಪೂರ್ತಿ ಬಿಡುವುದಕ್ಕೂ ಮೂರು ನೀರೇ ಬೇಕು.

ರೇಷ್ಮೆಗೆ ಮಾತ್ರ ಸೋಪು, ಸೋಡ ಯಾವುದೂ ಬೇಡ. ಅಂಟುವಾಳದ ಕಾಯಿ ನಾಲ್ಕೈದನ್ನು ಜಜ್ಜಿ, ರಾತ್ರಿ ನೆನೆಹಾಕಿ, ಸೋಸಿದ ನೀರು ಸಾಕು. ಹೆಂಚಿನ ಮನೆಯವರು ಮಳೆನೀರು ಹಿಡಿದಿಟ್ಟಿದ್ದರೆ ರೇಷ್ಮೆಗೆ ಅದೇ ನೀರು ಕೊಡಿ. ತುರುವೇಕೆರೆಗೆ ಅಂಟಿಕೊಂಡ ಕುಣಿಗಲ್ ಸೀಮೆ ಮೈಸೂರು ತಳಿಯ ಬಿತ್ತನೆ ಗೂಡಿಗೆ ಹೆಸರಾದದ್ದು. ರೇಷ್ಮೆ ನಮಗೆ ದೂರದ ವಸ್ತುವಲ್ಲ. ನಮ್ಮ ಮುಸ್ಲಿಮರಲ್ಲಿ ಗಂಡಸರಿಗೆ ರೇಷ್ಮೆ ಕೂಡದು, ಹೆಂಗಸರಿಗೆ ಅಡ್ಡಿಯಿಲ್ಲ. ಹೀಗಿರುವಾಗ ಇರುವ ಒಂದು ರೇಷ್ಮೆ ಓಢ್ನಿಯನ್ನು ಹತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು ಮಡಿಕೆಯಲ್ಲೇ ಸೀಳಿಸುವುದು ಯಾವ ನ್ಯಾಯ? ಹಳೆಯ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿಡಿ, ಮೂರ್ನಾಲ್ಕು ತಿಂಗಳಿಗೊಮ್ಮೆ ತೆಗೆದು ಮಡಿಕೆ ಬದಲಿಸಿ. ಜರಿ ಇದ್ದರೆ ನುಸಿಗುಳಿಗೆ ಅದಕ್ಕೆ ತಾಕದಿರಲಿ.

ಎಳನೀರಿನ ಕಲೆಯ ವಿಷಯಕ್ಕೆ ಬರುತ್ತೇನೆ, ಅತಿ ಹೆಚ್ಚು ಬೈಗುಳ ತಿನ್ನುವ ಕಲೆ ಅದು. ರಂಜಾನಿನ ಸಂಜೆ ಇಫ್ತಾರಿಗೆ ಎಳನೀರು ಕೊಚ್ಚುವಾಗ ನಾಲ್ಕು ಹನಿ ಸಿಡಿಯುತ್ತದೆ. ಬರೀ ನೀರಲ್ವಾ ಅಂತ ಸುಮ್ಮನಾಗುತ್ತೀರಿ. ಆಗ ಏನೂ ಕಾಣುವುದಿಲ್ಲ. ಮರುದಿನಕ್ಕೆ ಅಷ್ಟೂ ಹನಿ ಕಂದು ಚುಕ್ಕೆಯಾಗಿರುತ್ತವೆ. ಎಳೆ ಸಿಪ್ಪೆಯ ಒಗರಿನಂಶ ಗಾಳಿಗೆ ಸಿಕ್ಕು ಬಣ್ಣ ತಿರುಗುವುದು ಹಾಗೆ. ಅಡಿಕೆಯ ಚೊಗರು, ಬಾಳೆಯ ಸೊನೆ ಇವೂ ಅದೇ ವಂಶದವು. ಸಿಡಿದ ಕೂಡಲೇ ಬರೀ ನೀರಲ್ಲಿ ಅದ್ದಿ ಜಾಲಿಸಿದರೆ ಮುಕ್ಕಾಲು ಪಾಲು ಹೋಗುತ್ತದೆ. ಬಾರ್ ಸೋಪನ್ನು ಆ ಜಾಗಕ್ಕೆ ತಿಕ್ಕಬೇಡಿ, ಒಗರಿನ ಕಲೆಯನ್ನು ಸೋಪು ಗಟ್ಟಿಮಾಡುತ್ತದೆ. ಒಣಗಿಹೋದ ಕಲೆಗೆ, ಬಿಳಿ ಹತ್ತಿಯಾದರೆ, ನಿಂಬೆರಸ ಹಿಂಡಿ ಬಿಸಿಲಲ್ಲಿ ಇಡಿ. ಬಣ್ಣದ ಬಟ್ಟೆಯಾದರೆ ಮೊದಲು ಒಳಅಂಚಿನಲ್ಲಿ ಒಂದು ಹನಿ ಹಾಕಿ ನೋಡಿಕೊಳ್ಳಿ, ನಿಂಬೆ ಬಣ್ಣವನ್ನೂ ಕೀಳಬಹುದು. ಬಣ್ಣ ನಿಲ್ಲಲು ಹೊಸ ಬಟ್ಟೆಯನ್ನು ಉಪ್ಪುನೀರಲ್ಲಿ ನೆನೆಸುವ ಪದ್ಧತಿ ಇದೆ. ಬಣ್ಣ ಹಾಕುವ ಕಡೆ ಉಪ್ಪಿಗೆ ಕೆಲಸ ಇದೆ, ಕಳಪೆ ಬಣ್ಣ ಹಾಕಿದ ಮೇಲೆ ಮನೆಯ ಉಪ್ಪು ಅದನ್ನು ಕಟ್ಟಿಹಾಕಲಾರದು. ಒದ್ದೆ ಬಿಳಿ ಬಟ್ಟೆಯಿಂದ ಒರೆಸಿ ನೋಡಿ, ಬಣ್ಣ ಬಿಟ್ಟರೆ ಕೊನೆಯವರೆಗೂ ಅದನ್ನು ಒಂಟಿಯಾಗಿಯೇ ಒಗೆಯಿರಿ.

ನಾರಿನ ಹಗ್ಗದ ಮಾತು ಮರೆಯಬಾರದು. ಒದ್ದೆ ಬಿಳಿ ಓಢ್ನಿಯನ್ನು ಹೊಸ ನಾರಿನ ಹಗ್ಗದ ಮೇಲೆ ಹಾಕಿದರೆ ಹಗ್ಗದ ಕಂದು ಬಣ್ಣ ಇಳಿದು, ಮಧ್ಯಕ್ಕೆ ಉದ್ದಕ್ಕೂ ಒಂದು ಗೆರೆ ಬೀಳುತ್ತದೆ. ಅದೂ ಒಗರಿನ ಕಲೆಯೇ. ಶಿಫಾನಾದರೆ ನಾರಿನ ಎಳೆ ಚುಚ್ಚಿ ಬಟ್ಟೆಯ ಎಳೆ ಎಳೆಯುತ್ತದೆ. ಹಗ್ಗದ ಮೇಲೆ ಹಳೆಯ ಹತ್ತಿ ಸೀರೆಯೊಂದನ್ನು ಹೊದಿಸಿ, ಅದರ ಮೇಲೆ ಒಳಮೈ ಹೊರಗೆ ಮಾಡಿ, ನೆರಳಲ್ಲಿ ಒಣಗಿಸಿ. ನೆರಳು ಅಂದರೆ ಜಗುಲಿಯ ನೆರಳು. ತೆಂಗಿನ ಮರದ ಕೆಳಗಲ್ಲ, ಅಲ್ಲಿ ಗರಿ ಬೀಳುತ್ತದೆ, ಕಾಯಿ ಬೀಳುತ್ತದೆ, ಗಿಳಿ ಅಳಿಲು ತಿಂದು ಬಿಟ್ಟದ್ದೂ ಬೀಳುತ್ತದೆ.

ಇಸ್ತ್ರಿ ಪೆಟ್ಟಿಗೆಯ ಮೇಲೆ ಚುಕ್ಕೆಗಳಿರುತ್ತವೆ. ಒಂದು ಚುಕ್ಕೆ ಅಂದರೆ ಸುಮಾರು 110 ಡಿಗ್ರಿ, ಎರಡು 150, ಮೂರು 200. ಪಾಲಿಯೆಸ್ಟರಿಗೆ ಒಂದೇ ಚುಕ್ಕೆ ಸಾಕು, ರೇಷ್ಮೆಗೆ ಎರಡು ದಾಟಬಾರದು, ಹತ್ತಿಗೆ ಮೂರೂ ಆದೀತು, ಬಟ್ಟೆ ತುಸು ಒದ್ದೆ ಇರುವಾಗಲೇ ಒತ್ತಿದರೆ ಸುಕ್ಕು ಬೇಗ ಬಿಡುತ್ತದೆ. ಕೆಂಡದ ಪೆಟ್ಟಿಗೆಯವರಿಗೆ ಕೊಡುವಾಗ ‘ಇದು ನೈಲಾನ್ ತರಹದ್ದು ಅಣ್ಣಾ, ಮೇಲೆ ಬಟ್ಟೆ ಹಾಕಿ ಮಾಡಿ’ ಅಂತ ಬಾಯಿಬಿಟ್ಟು ಹೇಳಿ.

ಪಿನ್ನುಗಳಲ್ಲಿ ತುಕ್ಕು ಹಿಡಿಯದ ಸ್ಟೀಲಿನದು ಆರಿಸಿ. ಅಗ್ಗದ ಪಿನ್ನನ್ನು ರಾತ್ರಿ ಬೆವರಿನ ಬಟ್ಟೆಯಲ್ಲೇ ಬಿಟ್ಟರೆ ಬೆಳಿಗ್ಗೆ ತುಕ್ಕಿನ ಚುಕ್ಕೆ. ಅದರ ಮೇಲೆ ಎಳನೀರೋ ಚೊಗರೋ ಬಿದ್ದರೆ ಕಬ್ಬಿಣ, ಒಗರು ಎರಡೂ ಸೇರಿ ಕಪ್ಪಾಗುತ್ತದೆ, ಹಿಂದಿನವರು ಶಾಯಿ ಮಾಡುತ್ತಿದ್ದದ್ದೇ ಆ ರೀತಿ. ಬಿಳಿ ಹತ್ತಿಯ ಮೇಲಿನ ತುಕ್ಕಿಗೆ ನಿಂಬೆರಸ, ಉಪ್ಪು ಹಚ್ಚಿ ಬಿಸಿಲಿಗಿಡಿ, ಆರಿದರೆ ಮತ್ತೊಮ್ಮೆ ರಸ ಹಿಂಡಿ. ಕಲೆ ಹೋದ ಮೇಲೆ ತುಂಬ ನೀರಲ್ಲಿ ಜಾಲಿಸುವುದನ್ನು ಮರೆಯಬೇಡಿ, ಹುಳಿ ಉಳಿದರೆ ಹತ್ತಿ ಅಲ್ಲಲ್ಲೇ ಲಡ್ಡಾಗಿ ಹರಿಯುತ್ತದೆ.

ಕೊನೆಗೆ, ಹರಿದ ಓಢ್ನಿಯನ್ನು ಏನು ಮಾಡುವುದು ಅಂತ ಕೇಳುತ್ತಾರೆ. ಹತ್ತಿಯದಾದರೆ ಅಡಿಗೆಮನೆಯ ಮಸಿಬಟ್ಟೆ, ಮಗುವಿನ ಬಟ್ಟೆ, ಮೊಸರು ಕಟ್ಟುವ ಬಟ್ಟೆ, ಏನು ಬೇಕಾದರೂ ಆಗುತ್ತದೆ. ಪಾಲಿಯೆಸ್ಟರಿನದಾದರೆ ಒಲೆಯ ಹತ್ತಿರ ತರಬೇಡಿ, ಬಿಸಿ ಪಾತ್ರೆ ಹಿಡಿದರೆ ಕೈಗೆ ಅಂಟುತ್ತದೆ. ಉದ್ದಕ್ಕೆ ಸೀಳಿ ಹಿತ್ತಿಲ ಟೊಮ್ಯಾಟೊ ಗಿಡಕ್ಕೆ, ಅವರೆ ಬಳ್ಳಿಗೆ ಆಸರೆ ಕಟ್ಟಿ. ಮಳೆಗೆ ಕೊಳೆಯುವುದಿಲ್ಲ, ಎರಡು ಮೂರು ಬೆಳೆಗೆ ಆಗುತ್ತದೆ.